ತಾಮ್ರದ ಗೆರೆ

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಲು ನನಗೆ ಐದು ನಿಮಿಷ ಕೊಟ್ಟಿದ್ದರು. ಮುದ್ದೇಬಿಹಾಳದ ನಮ್ಮ ಹಳೆಯ ಕಾಲೇಜಿನ ಸಭಾಭವನ. ವೇದಿಕೆಯ ಮೇಲೆ ಮೇಡಂ ಅವರ ಫೋಟೋ, ಅದಕ್ಕೆ ಸೇವಂತಿಗೆಯ ಮಾಲೆ. ನಾನು ಇಂಡಿಯಿಂದ ಬೆಳಗಿನ ಬಸ್ಸಿಗೇ ಹೊರಟು ಹೋಗಿದ್ದೆ. ಏನು ಹೇಳಬೇಕು ಎನ್ನುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ನನಗಿಂತ ಮೊದಲು ಮಾತಾಡಿದ ಪ್ರಾಚಾರ್ಯರು, "ಮೇಡಂ ಅವರ ಸಂಶೋಧನೆಯಲ್ಲಿ ಒಂದು ದೊಡ್ಡ ತಪ್ಪಾಗಿತ್ತು. ಆದರೆ ಅದನ್ನು ಅವರು ಜಗತ್ತಿನ ಮುಂದೆ ಒಪ್ಪಿಕೊಂಡರು. ಅದು ಅವರ ದೊಡ್ಡತನ" ಎಂದರು. ಕೂತವರೆಲ್ಲ ತಲೆ ತೂಗಿದರು. ಆಮೇಲೆ ನನ್ನ ಹೆಸರು ಕರೆದರು. ನಾನು ಎದ್ದು ಹೋಗಿ, ಮೇಡಂ ಶೇಂಗಾ ಸುಲಿಯುತ್ತಿದ್ದುದನ್ನು, ಪಾಠ ಹೇಳುತ್ತಿದ್ದುದನ್ನು, ನಮ್ಮನ್ನು ಬೈಯುತ್ತಿದ್ದುದನ್ನು ಹೇಳಿ, ಜನರನ್ನು ಎರಡು ಸಲ ನಗಿಸಿ, ಕಣ್ಣೊರೆಸಿಕೊಂಡು ಬಂದು ಕೂತೆ. ಆ ತಪ್ಪು ಅವರದಲ್ಲ, ನನ್ನದು ಎಂದು ಹೇಳಲಿಲ್ಲ.

ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಈಗ ಬರೆಯಲು ಕೂತಿದ್ದೇನೆ. ಹೇಳಲಾಗದ್ದು ಎನ್ನುವುದೂ ಸುಳ್ಳೇ. ಹೇಳಲು ಅರ್ಧ ನಿಮಿಷ ಸಾಕಾಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು ಕೂಡಲೇ ಮೊಬೈಲ್ ತೆಗೆದು ಹುಡುಕುತ್ತಾರೆ. ಹುಡುಕಿದರೆ ಮೊದಲು ಸಿಗುವುದು ಒಂದು ವಿಜ್ಞಾನ ಪತ್ರಿಕೆಯ ನಾಲ್ಕು ಸಾಲಿನ ಸೂಚನೆ: ಲೇಖಕರ ಕೋರಿಕೆಯಂತೆ ಈ ಲೇಖನವನ್ನು ಹಿಂಪಡೆಯಲಾಗಿದೆ. ಒಂದು ಜೀವಮಾನವೆಲ್ಲ ಪಾಠ ಹೇಳಿದವರ ಹೆಸರಿಗೆ ಅಂತರ್ಜಾಲದಲ್ಲಿ ಉಳಿದಿರುವುದು ಅಷ್ಟೇ. ಆದ್ದರಿಂದ ಊರೆಲ್ಲ ಕರೆಯುತ್ತಿದ್ದ ಹಾಗೆ ನಾನೂ ಮೇಡಂ ಎಂದೇ ಬರೆಯುತ್ತೇನೆ.

ಮೇಡಂ ಮನಗೂಳಿಯವರು. ಮನೆಯೊಳಗೆ ಮರಾಠಿ, ಬಾಗಿಲು ದಾಟಿದರೆ ಕನ್ನಡ. ಪಾಠ ಕನ್ನಡ, ಇಂಗ್ಲಿಷ್ ಕೂಡಿಸಿ ಹೇಳುತ್ತಿದ್ದರು, ಆದರೆ ಬೋರ್ಡಿನ ಮೇಲೆ ಗುಣಾಕಾರ ಬಂತೆಂದರೆ ತುಟಿ ಅಲ್ಲಾಡುತ್ತಿತ್ತು, ಮೊದಲ ಬೆಂಚಿನವರಿಗೆ ಮರಾಠಿ ಮಗ್ಗಿ ಕೇಳಿಸುತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ದೂರದ ದೊಡ್ಡ ಸಂಶೋಧನಾ ಸಂಸ್ಥೆಯೊಂದಕ್ಕೆ ಆಯ್ಕೆಯಾಗಿ ಹೋಗಿದ್ದರಂತೆ, ಎರಡು ವರ್ಷಕ್ಕೇ ವಾಪಸು ಬಂದರಂತೆ. ಯಾಕೆ ಎಂದು ಕೇಳಿದರೆ "ಮನಿ ಅಡಚಣಿ" ಎಂದಷ್ಟೇ ಅನ್ನುತ್ತಿದ್ದರು. ಲಗ್ನವಾಗಲಿಲ್ಲ. ಮುದ್ದೇಬಿಹಾಳದಲ್ಲಿ ಮಾರುಕಟ್ಟೆ ಪ್ರಾಂಗಣದ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಶನಿವಾರ ಮಧ್ಯಾಹ್ನ ಬಸವನ ಬಾಗೇವಾಡಿಯ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಮನಗೂಳಿಯ ಅಣ್ಣನ ಮನೆಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದರು. ಅವರ ಇಡೀ ಬದುಕು ಈ ರಸ್ತೆಯ ಮೇಲೆಯೇ ಓಡಾಡಿತು. ಮನಸ್ಸು ಮಾತ್ರ ಬೇರೆ ಕಡೆ ಇತ್ತು.

ಆ ಬೇರೆ ಕಡೆ ಎಂದರೆ ಒಂದು ನಕ್ಷತ್ರ. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತೇವೆ, ಮೇಡಮ್ಮೂ ಹಾಗೇ ಎನ್ನುತ್ತಿದ್ದರು. ಅದು ನ್ಯೂಟ್ರಾನ್ ನಕ್ಷತ್ರ. ನಾನು ನನ್ನೂರು ಮಸೂತಿಯಿಂದ ಬಿ.ಎಸ್ಸಿ. ಓದಲು ಹೋದ ವರ್ಷ ಅವರು ಅದನ್ನು ನಮಗೆ ಹೇಳಿಕೊಟ್ಟ ರೀತಿ ಇನ್ನೂ ಕಿವಿಯಲ್ಲಿದೆ. "ಸೂರ್ಯನಷ್ಟು ಭಾರ ಎಲ್ಲಾ ಹಿಂಡಿ ಹಿಂಡಿ ಬಾಗೇವಾಡಿಯಿಂದ ಮನಗೂಳಿತನಕ ಹಿಡಿಯೂವಷ್ಟು ಒಂದು ಉಂಡಿ ಮಾಡ್ರಿ. ಆತು, ಅದs ನನ್ನ ಚಿಕ್ಕಿ. ಅದಕ್ಕೊಂದು ಜೋಡಿ ಅದ, ದೊಡ್ಡ ಚಿಕ್ಕಿ. ಎರಡೂ ಒಂದರ ಸುತ್ತ ಒಂದು ತಿರಗತಾವ. ಸಣ್ಣದು ದೊಡ್ಡದರ ಮೈಯಾಗಿಂದು ಗಾಳಿ ಎಳಕೊಂಡು ನುಂಗತದ. ನುಂಗೂವಾಗ ಆ ಗಾಳಿ ಎಷ್ಟು ಕಾಯ್ತದಂದ್ರ ಎಕ್ಸ್-ರೇ ಹೊರಗ ಬರತಾವ. ದವಾಖಾನ್ಯಾಗ ಎಲುಬು ನೋಡತಾರಲ್ಲ, ಅದs ಕಿರಣ."

ಆ ಕಿರಣವನ್ನು ಬಿಡಿಸಿ ನೋಡಿದರೆ ಅದರಲ್ಲಿ ಗೆರೆಗಳು ಸಿಗುತ್ತವೆ. ಕಬ್ಬಿಣಕ್ಕೆ ಒಂದು ಜಾಗದಲ್ಲಿ ಗೆರೆ, ನಿಕಲ್‌ಗೆ ಇನ್ನೊಂದು ಜಾಗದಲ್ಲಿ. ಯಾವ ಗೆರೆ ಇದೆ ಎನ್ನುವುದರ ಮೇಲೆ ಅಲ್ಲಿ ಯಾವ ಲೋಹವಿದೆ, ಅದು ಎಷ್ಟು ಕಾದಿದೆ ಎಂದು ಹೇಳಬಹುದು. ಮಾರುಕಟ್ಟೆಯಲ್ಲಿ ಚೀಲ ಬಿಚ್ಚದೆ, ಕಬ್ಬಿಣದ ಮೊನೆ ಚುಚ್ಚಿ ನಾಲ್ಕು ಕಾಳು ತೆಗೆದು ತೊಗರಿ ಎಂಥದ್ದೆಂದು ಹೇಳುತ್ತಾರಲ್ಲ, ಇದೂ ಹಾಗೇ ಎನ್ನುತ್ತಿದ್ದರು. ಮನೆಯ ಮುಂದೆಯೇ ದಿನಾ ಆ ಚೀಲಗಳು ಇಳಿಯುತ್ತಿದ್ದವು, ಹೋಲಿಕೆಗೆ ದೂರ ಹೋಗಬೇಕಾಗಿರಲಿಲ್ಲ.

ಊರಿನವರ ತಿಳುವಳಿಕೆ ಬೇರೆಯೇ ಇತ್ತು. ಮೇಡಂ ಚಿಕ್ಕಿ ನೋಡುತ್ತಾರೆ ಎಂದರೆ ರಾತ್ರಿ ಮಾಳಿಗೆ ಹತ್ತಿ ದುರ್ಬೀನು ಹಿಡಿಯುತ್ತಾರೆ ಎಂದುಕೊಂಡಿದ್ದರು. ಅವರು ರಾತ್ರಿ ಒಂಬತ್ತಕ್ಕೆಲ್ಲ ಮಲಗುವವರು. ಈ ಎಕ್ಸ್-ರೇ ಹಿಡಿಯುವ ಉಪಗ್ರಹಗಳು ಕಂಡದ್ದೆಲ್ಲ ಸ್ವಲ್ಪ ಕಾಲದ ಮೇಲೆ ಯಾರಿಗೆ ಬೇಕಾದರೂ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ಇಳಿಸಿಕೊಂಡು, ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಪ್ರಯೋಗಾಲಯದ ಮೂಲೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾದು ಕೈಕೊಡುತ್ತಿತ್ತು. ಆಗ ಅದರ ಕೆಳಗೆ ಎರಡು ಇಟ್ಟಿಗೆ ತುಂಡು ಇಟ್ಟು, ಹಾಜರಿ ಪುಸ್ತಕದಿಂದ ಗಾಳಿ ಬೀಸುತ್ತಿದ್ದರು. ಹುಡುಗರ ಹಾಜರಿಗಿಂತ ಆ ಪುಸ್ತಕ ಗಾಳಿಗೇ ಹೆಚ್ಚು ಉಪಯೋಗವಾಯಿತು.

ಸಿಂದಗಿ ಕಡೆಯ ಗುಮಾಸ್ತರೊಬ್ಬರು ನಮ್ಮ ಆಫೀಸಿನಲ್ಲಿದ್ದರು. ಒಂದು ದಿನ ಮಗಳ ಕುಂಡಲಿ ಹಿಡಿದುಕೊಂಡು ಪ್ರಯೋಗಾಲಯಕ್ಕೇ ಬಂದರು.

"ಮೇಡಂರಿ, ಹೆಂಗೂ ಚಿಕ್ಕಿ ನೋಡ್ತೀರಿ. ನಮ್ಮ ಹುಡುಗೀದೂ ಒಂದೀಟು ನೋಡ್ರಿ. ಲಗ್ನ ಯಾವಾಗ ಕೂಡಿ ಬರತೈತಿ?"

ಮೇಡಂ ಕುಂಡಲಿಯನ್ನು ಕೈಗೆ ತೆಗೆದುಕೊಂಡು ಮರ್ಯಾದೆಯಿಂದ ಮಡಚಿ ವಾಪಸು ಕೊಟ್ಟರು. "ನನ್ನ ಚಿಕ್ಕಿಗೆ ಲಗ್ನದ ವಿಚಾರ ಕೇಳಬ್ಯಾಡ್ರಿ. ಅದು ತನ್ನ ಜೋಡೀನ್ನs ತಿನ್ನಲಿಕ್ಕೆ ಹತ್ತೇದ."

ಗುಮಾಸ್ತರು ಕುಂಡಲಿಯನ್ನು ಕಿಸೆಗೆ ಹಾಕಿಕೊಂಡು ಹೋದವರು, ಇಡೀ ಕಾಲೇಜಿಗೆ ಹೇಳಿಕೊಂಡು ತಿರುಗಿದರು.

ಲೆಕ್ಕ ಓಡುತ್ತಿರುವಾಗ ಮೇಡಂ ಶೇಂಗಾ ಸುಲಿಯುತ್ತಿದ್ದರು. ಕಂಪ್ಯೂಟರಿಗೆ ಒಂದು ಲೆಕ್ಕ ಒಪ್ಪಿಸಿ ಅದು ಉತ್ತರ ಕೊಡುವವರೆಗೆ ಸುಮ್ಮನೆ ಕೂಡುವುದು ಅವರ ಕೈಲಿ ಆಗುತ್ತಿರಲಿಲ್ಲ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ ಗಡಿಯಾರ ನೋಡದೆ "ಇದು ಎರಡು ಮುಷ್ಟಿ ಶೇಂಗಾದ್ದು" ಎನ್ನುತ್ತಿದ್ದರು. ಬೀಜ ನಮಗೆ, ಸಿಪ್ಪೆಯ ರಾಶಿ ಅವರ ಮುಂದೆ.

ಆದರೆ ಅವರಿಂದ ನಾನು ಕಲಿತದ್ದು ಅಥವಾ ಕಲಿಯದೆ ಹೋದದ್ದು ಬೇರೊಂದು. ಯಾರಾದರೂ ಗ್ರಾಫ್ ಮಾಡಿ ತಂದರೆ ಮೇಡಂ ಮೊದಲು ಅದನ್ನು ನೋಡುತ್ತಿರಲಿಲ್ಲ. ಹಾಳೆಯಾಗಿದ್ದರೆ ಬೋರಲು ಹಾಕಿಸುವರು, ಕಂಪ್ಯೂಟರಾಗಿದ್ದರೆ ಪರದೆಯನ್ನು ಆ ಕಡೆ ತಿರುಗಿಸಿಬಿಡುವರು. ಕಣ್ಣು ಮುಚ್ಚಿಕೊಂಡು ಕೂತು, "ಕಣ್ಣಿಗೆ ತೋರಿಸಬ್ಯಾಡ. ಬಾಯಿಲೆ ಹೇಳು. ಮೊದಲಿಂದ ಏನೇನು ಮಾಡಿದಿ?" ಎನ್ನುವರು. ಯಾವ ಫೈಲು ತೆಗೆದೆ, ಎಲ್ಲಿ ಕತ್ತರಿಸಿದೆ, ಏನನ್ನು ಕಳೆದೆ, ಎಲ್ಲವನ್ನೂ ಒಂದೊಂದಾಗಿ ಹೇಳಬೇಕು. ಹೇಳುತ್ತ ಹೇಳುತ್ತ ನಮ್ಮ ತಪ್ಪು ನಮಗೇ ಗೊತ್ತಾಗಿ ಬಾಯಿ ಕಟ್ಟುತ್ತಿತ್ತು. ಆಗ ಕಣ್ಣು ತೆರೆದು, "ಹೋಗು, ಸರಿ ಮಾಡ್ಕೊಂಡು ಬಾ" ಎನ್ನುವರು. ಗ್ರಾಫ್ ಚಂದ ಬಂದುಬಿಟ್ಟರೆ ಮನುಷ್ಯ ಅದನ್ನು ನಂಬಿಬಿಡುತ್ತಾನೆ, ಅದಕ್ಕೇ ಮೊದಲು ಕಿವಿ, ಆಮೇಲೆ ಕಣ್ಣು ಎನ್ನುವುದು ಅವರ ಕಟ್ಟಳೆ. ಈ ಪದ್ಧತಿಗೆ ಒಂದೇ ಒಂದು ಕೊರತೆಯಿತ್ತು. ಹೇಳುವವನು ನಿಜ ಹೇಳುತ್ತಾನೆ ಎಂದು ಅವರು ನಂಬಿದ್ದರು.

ಎಂ.ಎಸ್ಸಿ. ಮುಗಿಸಿ ನಾನು ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಬಂದೆ. ಹೆಸರಿಗೆ ಅತಿಥಿ, ಯಾವ ವರ್ಷ ಬೇಕಾದರೂ ಬರಬೇಡ ಎನ್ನಬಹುದಾದ ಕೆಲಸ. ಆ ಹೊತ್ತಿಗೆ ಮೇಡಂ ಐವತ್ತು ದಾಟಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದರು. ಈ ವಯಸ್ಸಿನಲ್ಲಿ ಯಾಕೆ ಎಂದು ಎಲ್ಲರೂ ಆಡಿಕೊಂಡರು. ನನಗೂ ಒಮ್ಮೆ ಕೇಳಬೇಕೆನಿಸಿತು. ಅವರು ಮೇಜಿನ ಖಾನೆಯಿಂದ ಕಾಲೇಜಿನ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ತೆಗೆದು ತೋರಿಸಿದರು. ಉಪನ್ಯಾಸಕರ ಹೆಸರುಗಳ ಸಾಲಿನಲ್ಲಿ ಕೆಲವರ ಮುಂದೆ ಡಾಕ್ಟರ್ ಎಂದಿತ್ತು, ಕೆಲವರ ಮುಂದೆ ಶ್ರೀ, ಶ್ರೀಮತಿ. ಮೇಡಂ ಹೆಸರಿನ ಮುಂದೆ ಕುಮಾರಿ.

"ನೋಡು, ಐವತ್ತೆರಡು ವರ್ಷದ ಕುಮಾರಿ!" ಎಂದು ನಕ್ಕರು. "ಇನ್ನ ಲಗ್ನಂತೂ ಆಗೂದಿಲ್ಲ. ಡಾಕ್ಟರ್ ಆದ್ರರೆ ಈ ಕುಮಾರಿ ತೊಲಗತದ."

ಪತ್ರಿಕೆಯನ್ನು ಮತ್ತೆ ಖಾನೆಗೆ ಹಾಕಿದರು. ಆಮೇಲೆ, "ಅದಲ್ಲೋ. ಆ ಸಂಸ್ಥೆಯೊಳಗ ಅರ್ಧಕ್ಕ ಬಿಟ್ಟು ಬಂದದ್ದು ಒಂದು ಹಂಗs ಉಳದದ. ಅದನ್ನ ಮುಗಿಸಿ ಹೋಗಬೇಕು ಅನಸ್ತದ" ಎಂದರು. ಅಷ್ಟು ಮಾತನ್ನು ಅವರು ತಮ್ಮ ಬಗ್ಗೆ ಆಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಪ್ರಬಂಧಕ್ಕೆ ಐದು ಅಧ್ಯಾಯ. ನಾಲ್ಕನೆಯದರಲ್ಲಿ ನನ್ನನ್ನೂ ಸೇರಿಸಿಕೊಂಡರು. ಉಪಗ್ರಹವೊಂದು ಬೇರೆ ಏನನ್ನೋ ನೋಡುತ್ತಿದ್ದಾಗ ನಮ್ಮ ಚಿಕ್ಕಿ ಚಿತ್ರದ ಅಂಚಿನಲ್ಲಿ ಅಕಸ್ಮಾತ್ ಸಿಕ್ಕಿತ್ತು. ಅದೂ ಗ್ರಹಣದ ಹೊತ್ತಿನಲ್ಲಿ, ಎಂದರೆ ಸಣ್ಣದು ದೊಡ್ಡದರ ಹಿಂದೆ ಮರೆಯಾಗಿದ್ದಾಗ. ಆ ಹೊತ್ತಿನಲ್ಲಿ ಚಿಕ್ಕಿಯ ಸ್ವಂತ ಬೆಳಕು ಅಡಗಿ, ಸುತ್ತಲಿನ ಗಾಳಿಯ ಗೆರೆಗಳು ಎದ್ದು ಕಾಣುತ್ತವೆ. ಅಂಚಿನಲ್ಲಿದ್ದುದನ್ನು ಯಾರೂ ತಿರುಗಿ ನೋಡಿರಲಿಲ್ಲ. ಮೇಡಂ ನೋಡಿದರು, ನನ್ನ ಕೈಗೆ ಕೊಟ್ಟರು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಉಪಗ್ರಹದ ಕಣ್ಣಿಗೆ ಬೀಳುವುದೆಲ್ಲ ಚಿಕ್ಕಿಯದಲ್ಲ. ಆಕಾಶದಿಂದ ಬರುವ ಬೇರೆ ಕಿರಣಗಳೂ ಇರುತ್ತವೆ, ಯಂತ್ರದ ಮೈಯಿಂದಲೇ ಹೊರಡುವವೂ ಇರುತ್ತವೆ. ಆದ್ದರಿಂದ ಚಿಕ್ಕಿಯ ಪಕ್ಕದ ಖಾಲಿ ಜಾಗವೊಂದನ್ನು ಹಿಡಿದು, ಅಲ್ಲಿ ಬಂದಷ್ಟನ್ನು ಕಳೆಯಬೇಕು. ಅದಕ್ಕೆ ಹಿನ್ನೆಲೆ ಎನ್ನುತ್ತೇವೆ. ಎಣ್ಣೆ ತೂಗುವಾಗ ಡಬ್ಬಿಯ ತೂಕ ಕಳೆದ ಹಾಗೆ. ಮೇಡಂ ನನಗೆ ಸ್ಪಷ್ಟವಾಗಿ ಹೇಳಿದ್ದರು:

"ಆ ಯಂತ್ರದ ಕೆಳಗ ತಾಮ್ರ ಅದ. ಅಂಚಿನ್ಯಾಗ ಆ ತಾಮ್ರದ ಗೆರಿ ಜೋರು, ನಡಕ ಇಲ್ಲಂದ್ರೂ ನಡೀತದ. ನಮ್ಮ ಚಿಕ್ಕಿ ಅಂಚಿನ್ಯಾಗ ಅದ. ಹಿನ್ನೆಲಿನೂ ಅಂಚಿನ್ಯಾಗs ತಗೋ. ಎಣ್ಣಿ ಯಾವ ಡಬ್ಬಿಯೊಳಗದ, ಅದs ಡಬ್ಬಿ ತೂಗಬೇಕು."

ನಾನು ಮೊದಲು ಹಾಗೆಯೇ ಮಾಡಿದೆ. ಕಬ್ಬಿಣದ ಗೆರೆ ಬಂತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೇರೇನೂ ಇಲ್ಲ. ಸುಮ್ಮನೆ ಕುತೂಹಲಕ್ಕೆ ಹಿನ್ನೆಲೆಯನ್ನು ಚಿತ್ರದ ನಡುವಿನಿಂದ ತೆಗೆದುಕೊಂಡು ನೋಡಿದೆ. ಅಲ್ಲಿ ಜಾಗ ದೊಡ್ಡದು, ಸ್ವಚ್ಛ. ಆಗ ಕಬ್ಬಿಣದ ಆಚೆ ಇನ್ನೊಂದು ಸಣ್ಣ ಗೆರೆ ಎದ್ದಿತು. ನಿಕಲ್ ಇರಬೇಕಾದ ಜಾಗಕ್ಕೆ ಹತ್ತಿರವೇ. ಗ್ರಹಣದಲ್ಲಿ ಈ ಚಿಕ್ಕಿಗೆ ನಿಕಲ್ ಗೆರೆ ಕಂಡಿದೆ ಎಂದು ಯಾರೂ ಬರೆದಿರಲಿಲ್ಲ. ಅಂಚಿನ ಹಿನ್ನೆಲೆಯನ್ನು ಕಳೆದರೆ ಅದು ಮಾಯವಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಅಂಚಿನ ಜಾಗ ಬಹಳ ಚಿಕ್ಕದು, ಅದಕ್ಕೇ ಸರಿಯಾಗಿ ಬರುತ್ತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನುಷ್ಯನಿಗೆ ಬೇಕಾದದ್ದು ಕಣ್ಣ ಮುಂದೆ ಬಂದಾಗ ಸಮಾಧಾನಕ್ಕೇನು ಬರ?

ಮೇಡಂ ಎಂದಿನಂತೆ ಪರದೆಯನ್ನು ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಕೂತರು. ನಾನು ಹೇಳುತ್ತ ಹೋದೆ. ಒಂದು ಕಡೆ ತಡೆದರು.

"ಹಿನ್ನೆಲಿ ಎಲ್ಲಿಂದ ತಗೊಂಡಿ?"

"ಅಲ್ಲೇ, ಬಾಜೂಕಿಂದ ತಗೊಂಡೇನ್ರಿ ಮೇಡಂ."

ಅಷ್ಟೇ. ಪರದೆ ತಿರುಗಿಸಿ ನೋಡಿದರು. ತುಂಬ ಹೊತ್ತು ನೋಡಿದರು. ಬೆರಳಿನಿಂದ ಆ ಗೆರೆಯನ್ನು ಮುಟ್ಟಿದರು, ಗಾಜಿನ ಮೇಲೆ ಬೆರಳಿನ ಗುರುತು ಮೂಡಿತು. "ಇಷ್ಟ ವರ್ಷ ಇದು ಯಾರ ಕಣ್ಣಿಗೂ ಬಿದ್ದಿಲ್ಲಲ್ಲೋ" ಎಂದು ಸಣ್ಣ ದನಿಯಲ್ಲಿ ಅಂದರು. ಮರುದಿನ ತಮ್ಮ ಕೈಯಾರೆ ಶೇಂಗಾ ಹೋಳಿಗೆ ಮಾಡಿ ಇಡೀ ಸ್ಟಾಫ್ ರೂಮಿಗೆ ಹಂಚಿದರು. ಗುಮಾಸ್ತರು ಎರಡು ತಿಂದು, "ಯಾರದರೆ ಲಗ್ನ ಕೂಡೇತೇನ್ರಿ?" ಎಂದರು. "ಹೌದ್ರಿ, ನನ್ನ ಚಿಕ್ಕೀದು" ಎಂದರು ಮೇಡಂ. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅದನ್ನು ಅವರಿಗೆ ಕೊಟ್ಟದ್ದು ನನ್ನ ಸುಳ್ಳು.

ಲೇಖನ ಬರೆದೆವು. ಮೊದಲ ಹೆಸರು ಅವರದು, ಎರಡನೆಯದು ನನ್ನದು. ಎಂಟು ತಿಂಗಳ ಮೇಲೆ ಅಚ್ಚಾಯಿತು.

ಪ್ರಬಂಧ ಒಪ್ಪಿಸುವುದಕ್ಕೆ ಎರಡು ತಿಂಗಳಿದೆ ಎನ್ನುವಾಗ ಮೇಡಂ ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ತಾವೇ ಮಾಡಲು ಕೂತರು. ತಮ್ಮ ಕೈ ಮುಟ್ಟದ ಒಂದು ಸಂಖ್ಯೆಯೂ ಪ್ರಬಂಧದಲ್ಲಿ ಇರಬಾರದು ಎನ್ನುವುದು ಅವರ ಹಟ. ದೀಪಾವಳಿ ರಜೆಯಲ್ಲಿ ಮನಗೂಳಿಯಲ್ಲಿ ಕೂತು ಆ ಕೆಲಸ ಮಾಡಿದರಂತೆ. ಕಾಲೇಜು ತೆರೆದ ದಿನ ನನ್ನನ್ನು ಕರೆದರು. ಪ್ರಯೋಗಾಲಯದಲ್ಲಿ ಇಬ್ಬರೇ ಇದ್ದೆವು. ಲ್ಯಾಪ್‌ಟಾಪ್ ಮುಚ್ಚಿತ್ತು. ಶೇಂಗಾ ಇರಲಿಲ್ಲ.

"ಹಿನ್ನೆಲಿ ಎಲ್ಲಿಂದ ತಗೊಂಡಿದ್ದೆಪಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ಸರಕಾರಿ ಕಾಲೇಜಿನ ಕಾಯಂ ಹುದ್ದೆಗೆ ನನ್ನ ಸಂದರ್ಶನ ಮುಂದಿನ ತಿಂಗಳಿತ್ತು. ನನ್ನ ಅರ್ಜಿಯಲ್ಲಿ ಬರೆದುಕೊಳ್ಳಲು ಇದ್ದದ್ದು ಆ ಒಂದೇ ಲೇಖನ.

"ನೆನಪಿಲ್ರಿ ಮೇಡಂ" ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. "ಆತು, ಹೋಗು. ನಿಂದು ಕ್ಲಾಸ್ ಅದ" ಎಂದರು.

ಎರಡು ದಿನ ಬಿಟ್ಟು ಒಂದು ಪತ್ರವನ್ನು ನನ್ನ ಮುಂದಿಟ್ಟರು. ಪತ್ರಿಕೆಯ ಸಂಪಾದಕರಿಗೆ ಬರೆದದ್ದು. ನಾವು ನಿಕಲ್ ಎಂದದ್ದು ಉಪಗ್ರಹದ ತಾಮ್ರ, ಹಿನ್ನೆಲೆಯ ಜಾಗವನ್ನು ಆರಿಸುವಲ್ಲಿ ಮೊದಲ ಲೇಖಕಿಯಾದ ನನ್ನಿಂದ ತಪ್ಪಾಗಿದೆ, ಇದರಲ್ಲಿ ಸಹಲೇಖಕರ ಪಾಲಿಲ್ಲ, ಲೇಖನವನ್ನು ಹಿಂಪಡೆಯಬೇಕು ಎಂದಿತ್ತು.

"ಇಂಗ್ಲಿಷ್ ಸರಿ ಅದ ಏನು ನೋಡು" ಎಂದರು.

ನಾನು ಓದಿದೆ. ಎರಡು ಸಲ ಓದಿದೆ. ಅವರು ಕಾಯುತ್ತಿದ್ದರು.

"ಸರಿ ಐತ್ರಿ" ಎಂದೆ.

ಈಗ ಯೋಚಿಸಿದರೆ ನನ್ನ ಬಗ್ಗೆ ನನಗೆ ಹೇಸಿಗೆಯಾಗುವುದು ಮೊದಲ ಸುಳ್ಳಿಗಲ್ಲ, ಎರಡನೆಯದಕ್ಕೂ ಅಲ್ಲ. ಈ ಮಾತಿಗೆ. ಯಾಕೆಂದರೆ ಇದು ಸುಳ್ಳೇ ಅಲ್ಲ. ಇಂಗ್ಲಿಷ್ ನಿಜವಾಗಿ ಸರಿಯಿತ್ತು.

ನಾಲ್ಕನೆಯ ಅಧ್ಯಾಯ ಹೋಯಿತು. ಅದಿಲ್ಲದೆ ಪ್ರಬಂಧ ಒಪ್ಪುವುದಿಲ್ಲ, ಹೊಸದೊಂದು ಕೆಲಸ ಮಾಡಿ ಎಂದರು ಮಾರ್ಗದರ್ಶಕರು. ಹೊಸದು ಮಾಡುವಷ್ಟರಲ್ಲಿ ನೋಂದಣಿಯ ಅವಧಿ ತೀರಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಪರದೆಯ ಮೇಲಿನ ಸಣ್ಣ ಅಕ್ಷರ ಕಾಣದಂತಾಯಿತು. ಅವರ ಹೆಸರಿನ ಮುಂದೆ ಡಾಕ್ಟರ್ ಎಂದು ಯಾರೂ ಬರೆಯಲಿಲ್ಲ. ಕಾಲೇಜಿನಲ್ಲಿ ಕೆಲವರು ಬೆನ್ನ ಹಿಂದೆ ಅವರನ್ನು ತಾಮ್ರದ ಮೇಡಂ ಎನ್ನತೊಡಗಿದರು. ಒಮ್ಮೆ ಆ ಮಾತಿಗೆ ಎಲ್ಲರೂ ನಕ್ಕಾಗ ನಾನೂ ನಕ್ಕಿದ್ದೇನೆ. ಬರೆಯಲು ಕೂತ ಮೇಲೆ ಇದನ್ನೂ ಬರೆಯಬೇಕು.

ನನಗೆ ಕೆಲಸ ಸಿಕ್ಕಿತು. ಇಂಡಿಗೆ ಹಾಕಿದರು. ಆದೇಶ ಹಿಡಿದು ಮೇಡಂ ಹತ್ತಿರ ಹೋದಾಗ ನಿಜವಾಗಿ ಸಂತೋಷಪಟ್ಟರು. ಕಾಲು ಮುಟ್ಟಿದೆ. "ಹುಡುಗರಿಗೆ ಛಲೋತ್ನಾಗಿ ಹೇಳಿಕೊಡು" ಎಂದರು. ಬಾಗಿಲಿನವರೆಗೆ ಬಂದು ನಿಂತರು. ನಾನು ಏನಾದರೂ ಹೇಳುತ್ತೇನೆ ಎಂದು ನಿಂತಿರಬಹುದು. ಹೇಳಬೇಕೆಂದು ನನಗೂ ಇತ್ತು. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಂಡೆ.

ಆ ಇನ್ನೊಮ್ಮೆ ಒಂದು ಸಲ ಬಂದಿತ್ತು. ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ. ನಾನು ಮಸೂತಿಗೆ ಹೊರಟಿದ್ದೆ. ಮೇಡಂ ನಿವೃತ್ತರಾಗಿದ್ದರು, ಪಿಂಚಣಿಯ ಕಾಗದಕ್ಕೆ ಸಹಿ ಮಾಡಿಸಿಕೊಂಡು ಮುದ್ದೇಬಿಹಾಳದಿಂದ ಮನಗೂಳಿಗೆ ಹೋಗುತ್ತಿದ್ದರು. ಬಹಳ ಇಳಿದುಹೋಗಿದ್ದರು. ದಪ್ಪ ಗಾಜಿನ ಕನ್ನಡಕ ಬಂದಿತ್ತು. ನಾನು ಎದುರು ಹೋಗಿ ನಿಂತರೂ ಗುರುತು ಸಿಗಲಿಲ್ಲ, ದನಿ ಕೇಳಿದ ಮೇಲೆ ಸಿಕ್ಕಿತು.

"ಇಂಡಿ ಹ್ಯಾಂಗದ?"

"ಛಲೋ ಐತ್ರಿ. ಎಲ್ಲಿ ನೋಡಿದ್ರೂ ಲಿಂಬಿ ಗಿಡ."

"ಹೆಂಡತಿ, ಮಗಳು?"

"ಆರಾಮ ಅದಾರ್ರಿ."

"ಮತ್ತ?"

ನಮ್ಮ ಕಡೆ ಮಾತು ತೀರಿದಾಗ ಮತ್ತ ಎನ್ನುವುದು ಸಾಮಾನ್ಯ. ಅದಕ್ಕೆ ಯಾರೂ ಉತ್ತರ ಕಾಯುವುದಿಲ್ಲ. ಮೇಡಂ ಕಾದರು. ಕಲ್ಲಿನ ಕಟ್ಟೆಯ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿದರು. ಹೇಳಲೆಂದು ನಾನೂ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಮನಗೂಳಿ ಬಸ್ಸು ಬಂತು. ಜನ ನುಗ್ಗಿದರು. ನಾನು ಚೀಲ ಹಿಡಿದು, ಮೇಡಮ್ಮಿಗೆ ಕಿಟಕಿ ಪಕ್ಕ ಜಾಗ ಮಾಡಿಕೊಟ್ಟು ಇಳಿದೆ. ಬಸ್ಸು ಬಂದದ್ದಕ್ಕೆ ನನಗೆ ಹಾಯೆನಿಸಿತು. ಅದೇ ಕಡೆಯ ಭೇಟಿ.

ಆಮೇಲೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಮೇಡಂ ತೀರಿಕೊಂಡ ಸುದ್ದಿಯೇ ಬಂತು. ಪರೀಕ್ಷೆಯ ಕೆಲಸವಿತ್ತು, ಮಣ್ಣಿಗೆ ಹೋಗಲಾಗಲಿಲ್ಲ. ಮೊದಲೇ ಹೇಳಿದ ಸಭೆಗೆ ಹೋದೆ. ಅಲ್ಲಿಯೂ ಹೇಳದೆ ಕೂತೆ. ಸಭೆ ಮುಗಿಸಿ ಹೊರಟಾಗ ಇಂಡಿಯ ದಾರಿ ಹಿಡಿದೇ ಬಸ್ಸು ಹತ್ತಿದ್ದೆ. ಆದರೆ ಮನಗೂಳಿ ಬಂದಾಗ ಕೂತಿರಲಾಗಲಿಲ್ಲ, ಇಳಿದುಬಿಟ್ಟೆ.

ಮನೆ ಕೇಳಿಕೊಂಡು ಹೋದೆ. ಮೇಡಂ ಅವರ ಅಣ್ಣ ಪಡಸಾಲೆಯಲ್ಲಿ ಕೂತಿದ್ದರು. ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಎಪ್ಪತ್ತು ದಾಟಿದ ಮನುಷ್ಯ. ಹಿಂದೆ ಒಮ್ಮೆ ಕಾಲೇಜಿಗೆ ಬಂದಾಗ ನೋಡಿದ್ದೆ, ಆಗ ಕಾಕಾ ಎಂದು ಕರೆದಿದ್ದೆ. ಹೆಸರು ಹೇಳಿದೆ. "ಇಂಡಿಯವರಲ್ಲ? ಬರ್ರಿ, ಕೂಡ್ರಿ" ಎಂದರು. ನೀರು ಕೊಟ್ಟರು. ನಾನು ನೀರು ಕುಡಿಯದೆ, ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದೆ.

"ಕಾಕಾ, ಆ ತಪ್ಪು ಮೇಡಮ್ಮಾರದಲ್ರಿ. ನಂದು. ಅವರು ಕೇಳಿದಾಗ ನಾ ಸುಳ್ಳ ಹೇಳಿದೆ."

 "ಗೊತ್ತದರಿ" ಎಂದರು ಕಾಕಾ.

"ಹೆಂಗ್ರಿ ಕಾಕಾ?"

"ದೀಪಾವಳಿ ಸೂಟ್ಯಾಗ ಅಕಿ ಇಲ್ಲೇ ಕೂತು ಎಲ್ಲಾ ಮತ್ತ ಮಾಡಿದ್ಲು. ಆ ಫೈಲಿನ ಮ್ಯಾಲ ನಿಮ್ಮ ಹೆಸರು, ತಾರೀಖು ಎಲ್ಲಾ ಇತ್ತಂತ. ಎರಡೂ ನಮೂನಿ ಮಾಡಿ ನೋಡೀರಿ, ಗೆರಿ ಬಂದದ್ದನ್ನಷ್ಟ ಇಟಗೊಂಡೀರಿ ಅಂತನೂ ಗೊತ್ತಾತು ಅಕಿಗೆ. 'ಅಣ್ಣಾ, ನಮ್ಮ ಹುಡುಗ ನನ್ನ ಮುಂದ ಸುಳ್ಳ ಹೇಳ್ಯಾನ' ಅಂದ್ಲು. ಅವತ್ತ ಹಬ್ಬದ ಊಟ ಮಾಡಲಿಲ್ಲ."

"ಮತ್ಯಾಕ ತಮ್ಮ ಮ್ಯಾಲ ಹಾಕ್ಕೊಂಡ್ರು, ಕಾಕಾ?"

"ನಿಮ್ಮ ನೌಕರಿ ಇಂಟರ್‌ವ್ಯೂ ಇತ್ತಲ್ಲ. ನೌಕರಿ ಒಂದಾಗಲಿ, ಆಮ್ಯಾಲೆ ತಾನs ಬಂದು ಹೇಳ್ತಾನ ಅಂದ್ಲು. ನಿಮಗ ನೌಕರಿ ಆತು. ವರ್ಷಾತು, ಎರಡು ವರ್ಷಾತು. ನನಗ ತಡಿಲಾರದ ಒಮ್ಮೆ ಅಂದೆ, ಒಂದು ಫೋನ್ ಹಚ್ಚಿ ಕೇಳಿಬಿಡವಾ, ಮನಸಿನ್ಯಾಗ ಯಾಕ ಇಟಗೊಂಡು ಕೂಡ್ತೀ ಅಂತ. ಅದಕ್ಕ ಅಕಿ ಏನಂದ್ಲು ಗೊತ್ತದೇನ್ರಿ? 'ಎರಡ ಸಲ ಕೇಳೀನಿ ಅಣ್ಣಾ. ಮೂರನೇ ಸಲ ಕೇಳಿದ್ರ ಪಾಪ, ಅಂವಗ ಮತ್ತೊಂದ ಸುಳ್ಳ ಹೇಳಬೇಕಾಗ್ತದ. ಕೇಳಂಗಿಲ್ಲ' ಅಂದ್ಲು."

ನನಗೆ ಅಳು ಬಂತು. ಸಭೆಯಲ್ಲಿ ಬಂದಂಥ ಅಳು ಅಲ್ಲ. ಆ ಅಳುವಿನಲ್ಲಿ ನನ್ನ ಬಗ್ಗೆ ನನಗೆ ಸ್ವಲ್ಪವೂ ಮರುಕವಿರಲಿಲ್ಲ. ಕಾಕಾ ತಂಬಿಗೆಯನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ತಾವಾಗಿಯೇ, ಯಾರಿಗೋ ಹೇಳುವವರ ಹಾಗೆ ಹೇಳತೊಡಗಿದರು.

"ಕಡೀಕ ಕಣ್ಣ ಪೂರಾ ಹೋಗಿದ್ದುವು. ಮಾತೂ ಭಾಳ ಕಡಿಮಿ. ಬಾಗಲಾ ಸಪ್ಪಳಾದ್ರ ಮಾತ್ರ ಆ ಕಡೆ ಮುಖಾ ಮಾಡಿ, 'ಅಣ್ಣಾ, ಇಂಡಿಯಿಂದ ಯಾರರೆ ಬಂದಾರೇನು ನೋಡು' ಅಂತಿದ್ಲು. ಹಾಲಿನಾಂವ ಇರತಿದ್ದ, ಬಾಜೂ ಮನಿಯವರು ಇರತಿದ್ರು. ನನಗ ಗೊತ್ತಿರತಿತ್ತು. ಆದ್ರೂ ಎದ್ದು ಹೋಗಿ ನೋಡಿ ಬಂದು, ಇಲ್ಲವಾ ಅಂತಿದ್ದೆ."

ಇಂಡಿಯಿಂದ ಮನಗೂಳಿಗೆ ಬರಲು ವಿಜಯಪುರದಲ್ಲಿ ಒಂದು ಬಸ್ಸು ಬದಲಿಸಬೇಕು, ಅಷ್ಟೇ. ನೌಕರಿ ಸಿಕ್ಕ ಮೇಲಿನ ಆರು ವರ್ಷದಲ್ಲಿ ನಾನು ಒಮ್ಮೆಯೂ ಅಲ್ಲಿ ಇಳಿಯಲಿಲ್ಲ. ಆ ಮುದುಕರು ಮೊಣಕಾಲು ಹಿಡಿದುಕೊಂಡು ಎಷ್ಟು ಸಲ ಎದ್ದು ಬಾಗಿಲಿಗೆ ಹೋಗಿ ನೋಡಿದರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಆಗಲಿಲ್ಲ.